ಐರ್ಲೆಂಡಿನ ವೀರನಿಗೆ ಬಳಗ ಹುಡುಕಿದವರು

ರಾಣೆಬೆನ್ನೂರಿನ ಸ್ಟುಡಿಯೋದ ತಿರುಗುವ ಕುರ್ಚಿಯಲ್ಲಿ ಈಗ ನನ್ನ ಮೊಮ್ಮಗಳು ರೇಣುಕಾ ಕೂಡುತ್ತಾಳೆ. ಈ ಒಂದು ಮಾತು ಬರೆಯಬೇಕೆಂದೇ ನಾನು ಪೆನ್ನು ಹಿಡಿದದ್ದು. ಬರೆದಾಯಿತು, ಆದರೂ ಕೈ ನಿಲ್ಲುತ್ತಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ತಪ್ಪಿದರೆ ಅವಳೇ ತಿದ್ದುತ್ತಾಳೆ, ಮಾತು ಮಾತ್ರ ನನ್ನದು. ಬೆಳಿಗ್ಗೆಯಿಂದ ಒಲೆಯ ಮುಂದೆ ಕೂತೆ, ಎದ್ದೆ, ಕಟ್ಟೆಗೆ ಬಂದೆ, ಮತ್ತೆ ಒಳಗೆ ಹೋದೆ. ಸೊಸೆ ನೋಡಿ ನಕ್ಕಳು.

"ಏನ್ರಿ ಅತ್ತಿ, ಮಾಸ್ತರು ನಿಮ್ಮ ಮೈಯಾಗ ಬಂದಾರೇನು?"

ಬಂದಿದ್ದರೂ ಬಂದಿರಬಹುದು. ಮಾಸ್ತರು ಅಂದರೆ ಆ ಸ್ಟುಡಿಯೋದ ಮಾಲಕರು. ಶಾಲೆಯಲ್ಲಿ ಕಲಿಸಿದವರಲ್ಲ, ಊರಿಗೆ ಊರೇ ಫೋಟೋ ಮಾಸ್ತರು ಅನ್ನುತ್ತಿತ್ತು, ಅಷ್ಟೆ. ಆ ಕುರ್ಚಿಯ ಮೇಲೆ ಅವರು ಕೂತದ್ದನ್ನು ಯಾರೂ ಕಂಡವರಿಲ್ಲ. ಕೊಂಡಾಗ ಹೊದಿಸಿದ್ದ ಪ್ಲಾಸ್ಟಿಕ್ಕು ಹಾಗೇ ಇತ್ತು. ರೇಣುಕಾ ಮೊದಲ ಸಲ ಕೂತಾಗ ಅದು ಚರಚರ ಅಂದಿತು, ನನ್ನ ಕಣ್ಣಲ್ಲಿ ನೀರು ಬಂತು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಯಾರಾದರೂ ಫೋಟೋದ ಕೆಳಗೆ ಹೆಸರು ಹಾಕಿಸಲು ಹೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಹೆಸರು ಹಾಕಿದ್ರ ಮಂದಿ ಅದನ್ನ ಓದಿ ಹೊಳ್ಳಿ ಹೋಗತಾರ್ರಿ, ಮಾರಿ ಯಾರೂ ನೋಡಂಗಿಲ್ಲ" ಅನ್ನುತ್ತಿದ್ದರು. ಹಾಗಾಗಿ ನಾನೂ ಮುಖವನ್ನೇ ತೋರಿಸುತ್ತೇನೆ, ತೋರಿಸಲು ಬಂದರೆ.

ನಾನು ಅವರನ್ನು ಮೊದಲು ಕಂಡದ್ದು ನಮ್ಮ ಯಜಮಾನರು ತೀರಿಕೊಂಡಾಗ. ಬ್ಯಾಡಗಿಯ ನಮ್ಮ ಮನೆಯಲ್ಲಿ ಅವರದೊಂದು ಫೋಟೋ ಇರಲಿಲ್ಲ. ಬದುಕಿದ್ದಾಗ ಯಾರಿಗೂ ನೆನಪಾಗಲಿಲ್ಲ, ಹೋದ ಮೇಲೆ ಗೋಡೆ ಬಿಕೋ ಅಂದಿತು. ಯಾರೋ ಹೇಳಿದರು, ರಾಣೆಬೆನ್ನೂರಿನಲ್ಲಿ ಒಬ್ಬರಿದ್ದಾರೆ, ಸತ್ತವರ ಫೋಟೋ ಮಾಡುವುದರಲ್ಲಿ ಅವರ ಕೈ ಬೇರೆ ಎಂದು. ಹೆಣದ ಫೋಟೋ ಕೊಟ್ಟರೆ ಮುಚ್ಚಿದ ಕಣ್ಣು ತೆರೆಸುತ್ತಾರೆ, ತಲೆಗೆ ರುಮಾಲು ಸುತ್ತುತ್ತಾರೆ, ಹಣೆಗೆ ವಿಭೂತಿ ಹಚ್ಚುತ್ತಾರೆ. ನಮ್ಮಲ್ಲಿ ಹೆಣದ ಫೋಟೋ ಕೂಡ ಇರಲಿಲ್ಲ. ಅದನ್ನು ಹೇಳಿ ನಾನು ಸೆರಗು ಬಾಯಿಗೆ ಹಿಡಿದೆ. ಅವರು ಮಾತ್ರ ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತಲೇ ಇದ್ದರು.

"ಫೋಟೋ ಇಲ್ಲಂದ್ರ ಏನಾತ್ರಿ ಯಕ್ಕಾರ, ಬಳಗ ಐತಿಲ್ಲೋ? ಬಳಗ ಕರಕೊಂಡ ಬರ್ರಿ."

ಟೆಂಪೋ ತುಂಬ ಹೋದೆವು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದೇ ಬೆರಳಿನಿಂದ ಒಬ್ಬೊಬ್ಬರ ಗದ್ದ ಎತ್ತಿ ನೋಡಿದರು. ಯಜಮಾನರ ಮೂಗು ಯಾರಿಗೆ ಬಂದಿದೆ, ಹಣೆ ಯಾರಿಗೆ ಬಂದಿದೆ ಎಂದು ನಮ್ಮೊಳಗೇ ಜಗಳ ಹಚ್ಚಿದರು. ಜಗಳ ಜೋರಾದಷ್ಟೂ ಅವರಿಗೆ ಖುಷಿ. ಕೊನೆಗೆ ಮೈದುನನಿಂದ ಮೂಗು, ನಾದಿನಿಯಿಂದ ಹಣೆ, ನನ್ನ ಮಗ ನಿಂಗಪ್ಪನಿಂದ ಗದ್ದ, ಕುತ್ತಿಗೆ. ಆಮೇಲೆ ನನ್ನ ಕಡೆ ತಿರುಗಿದರು.

"ನಗುವಾಗ ಬಾಯಿ ಯಾವ ಕಡೆ ಎಳೀತಿತ್ರಿ?"

ಅಷ್ಟು ಜನರ ಮುಂದೆ ಗಂಡನ ನಗುವನ್ನು ಹೇಗೆ ಹೇಳಲಿ? ನಾನೇ ಒಂದಿಷ್ಟು ತುಟಿ ಎಳೆದು ತೋರಿಸಿದೆ. "ಹಾಂ, ಹಂಗ ಇರ್ರಿ!" ಎಂದು ಫಟ್ಟನೆ ಫೋಟೋ ಹೊಡೆದುಬಿಟ್ಟರು. ಫೋಟೋ ಮನೆಗೆ ಬಂದ ದಿನ ರೇಣುಕಾ ಇನ್ನೂ ಲಂಗ ಉಡುವ ಹುಡುಗಿ, ಬಳಗದ ನಡುವೆ ನಿಂತು ಕೂಗಿದಳು, "ಆಯಿ, ಅಜ್ಜಾ ನಿನ್ನ ಬಾಯಿಲೆ ನಗಾಕತ್ತಾನ!" ಎಲ್ಲರೂ ಅಳುತ್ತಿದ್ದವರು ನಕ್ಕರು. ಅವಳಿಗೆ ಈ ಫೋಟೋದ ಹುಚ್ಚು ಹಿಡಿದದ್ದು ಅಂದೇ.

ಮಾಸ್ತರರ ಜೊತೆ ಹಾದಿಯಲ್ಲಿ ನಡೆಯುವುದು ಬಹಳ ಕಷ್ಟ. ಒಮ್ಮೆ ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಮಾತಾಡುತ್ತಾ ಆಡುತ್ತಾ ಮಾಯವಾದರು. ನೋಡಿದರೆ ಗುರುತು ಪರಿಚಯವಿಲ್ಲದ ಒಬ್ಬನ ಹಿಂದೆ ಹೋಗಿ, "ಸ್ವಲ್ಪ ನಿಂದ್ರರಿ, ನಿಮ್ಮ ಕಿವಿ ನೋಡಬೇಕು" ಅನ್ನುತ್ತಿದ್ದಾರೆ. ಆತ ಹೆದರಿ ಜೇಬು ಹಿಡಿದುಕೊಂಡ. "ನಿಮ್ಮ ಜೇಬ ಬ್ಯಾಡ್ರಿ ನನಗ. ಸತ್ತ ಗೌಡ್ರಿಗೆ ಒಂದ ಕಿವಿ ಬೇಕಾಗೇತಿ" ಅಂದರು. ಆ ಮಾತು ಕೇಳಿ ಆತ ಓಡಿದವನು ಹೊರಟಿದ್ದ ಬಸ್ಸನ್ನು ಹತ್ತಿಬಿಟ್ಟ, ಅದು ಅವನೂರಿನ ಬಸ್ಸೋ ಅಲ್ಲವೋ. ಮಾಸ್ತರರು ಬೇಸರದಿಂದ ನನ್ನ ಹತ್ತಿರ ಬಂದು ಹೇಳಿದರು, "ಮೂಗು ಹೆಂಗರ ಇರಲಿ ನಡೀತೈತ್ರಿ. ಕಿವಿ ತಪ್ಪಿದ್ರ ಮನ್ಯಾನ ನಾಯೀನೂ ಗುರುತ ಹಿಡಿಯಂಗಿಲ್ಲ."

ಕೂತು ಉಣ್ಣುತ್ತಿರಲಿಲ್ಲ. ಚಹಾ ಯಾವಾಗಲೂ ಆರಿಹೋಗಿರುತ್ತಿತ್ತು. ಬಲಗಡೆ ಮಾತ್ರ ಸವೆದ ಚಪ್ಪಲಿ, ಅಂಗಿಯ ಜೇಬಿನಲ್ಲಿ ಬಾಚಣಿಗೆ. ಆ ಬಾಚಣಿಗೆ ಅವರ ತಲೆಗಲ್ಲ, ಬಂದವರ ತಲೆಗೆ. ಒಂದು ಕಣ್ಣಿಗೆ ಪರೆ ಬಂದಿತ್ತು, ಹಾಲು ಸುರಿದ ಹಾಗೆ ಕಾಣುತ್ತಿತ್ತು. ಆಪರೇಷನ್ ಮಾಡಿಸಿಕೊಳ್ಳಿರಿ ಅಂದರೆ, "ಡಾಕ್ಟರು ಅಳ್ಳಾಡದಂಗ ಮಲಗಬೇಕು ಅಂತಾರ, ಅದೊಂದು ನನಗ ಬರಂಗಿಲ್ಲ ನೋಡ್ರಿ" ಎಂದು ಮಾತು ಹಾರಿಸುತ್ತಿದ್ದರು. ಕಂಪ್ಯೂಟರ್ ಬಂದು ಕುಂಚ ಮೂಲೆಗೆ ಸೇರಿದಾಗ ಉಳಿದ ಸ್ಟುಡಿಯೋದವರು ಬಾಗಿಲು ಹಾಕಿದರು. ಇವರು ಒಂದು ಕಂಪ್ಯೂಟರನ್ನೂ ಆ ಕುರ್ಚಿಯನ್ನೂ ತಂದಿಟ್ಟು, ಅದರ ಸುತ್ತ ಓಡಾಡತೊಡಗಿದರು. ಕೂತು ಕಲಿಯುವ ವಿದ್ಯೆ ಅವರಿಗೆ ಹತ್ತಲಿಲ್ಲ. ಹೊತ್ತಿಗೆ ಸರಿಯಾಗಿ ನಮ್ಮ ರೇಣುಕಾ ಪಿಯುಸಿ ಮುಗಿಸಿ, ಹಾವೇರಿಯಲ್ಲಿ ಕಂಪ್ಯೂಟರ್ ಕ್ಲಾಸು ಮುಗಿಸಿ ಅವರ ಹತ್ತಿರ ಹೋಗಿ ನಿಂತಳು. ಅವಳು ಮರದ ಸ್ಟೂಲಿನ ಮೇಲೆ ಕೂತು ಮೌಸು ಹಿಡಿಯುವುದು, ಇವರು ಹಿಂದೆ ಓಡಾಡುತ್ತಾ ಹೇಳುವುದು, "ಹುಬ್ಬು ಕೆಳಗ. ಇನ್ನೂ ಕೆಳಗ. ಹೆಚ್ಚಾತು ಯವ್ವಾ." ಅಳಿಸಿದ್ದು ಮತ್ತೆ ವಾಪಸ್ಸು ಬರುವ ಗುಂಡಿಯನ್ನು ಅವಳು ಮೊದಲ ಸಲ ಒತ್ತಿ ತೋರಿಸಿದಾಗ ಅವರು ಬೆಚ್ಚಿಬಿದ್ದರಂತೆ. "ಅಳಿಸಿದ ಮಾರಿ ಹೊಳ್ಳಿ ಬರತೈತಿ? ಇದನ್ನ ಯಮಗ ತೋರಸಬ್ಯಾಡ ಮತ್ತ!"

ಎಲ್ಲ ಚೆನ್ನಾಗಿತ್ತು. ಆದರೆ ಹುಡುಗಿಯನ್ನು ನೋಡಲು ಹಾವೇರಿ ಕಡೆಯಿಂದ ಜನ ಬಂದರು. ಅವಲಕ್ಕಿ ತಿಂದರು, ಚಹಾ ಕುಡಿದರು, ಹುಡುಗಿ ಏನು ಮಾಡುತ್ತಾಳೆ ಎಂದು ಕೇಳಿದರು. ನಾನು ಹಿಗ್ಗಿನಿಂದ ಎಲ್ಲ ಹೇಳಿದೆ. ಹುಡುಗನ ತಾಯಿ ಕಪ್ಪನ್ನು ಕೆಳಗಿಟ್ಟಳು.

"ಅಂದ್ರ ದಿನಾ ಹೆಣದ ಮಾರಿ ನೋಡತಾಳ?"

ಮತ್ತೆ ಅವರಿಂದ ಸುದ್ದಿ ಬರಲಿಲ್ಲ. ಇನ್ನೊಂದು ಕಡೆಯವರು ಬರುವ ಮೊದಲೇ ಕೇಳಿ ತಿಳಿದುಕೊಂಡು ಬರಲೇ ಇಲ್ಲ. ನಿಂಗಪ್ಪ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುವವನು, ಮಾತು ಕಡಿಮೆ. ಆ ದಿನ ಉಣ್ಣುತ್ತಾ ತಟ್ಟೆ ನೋಡುತ್ತಲೇ ಹೇಳಿದ, "ದೀಪಾವಳಿ ತನಕ ಹೋಗು. ಆಮ್ಯಾಲ ಸಾಕು."

"ಅಪ್ಪಾ, ನಾ ಮಾಡೂದು ಖರೇ ಕೆಲಸ."

"ಹೌದು ಬಿಡು. ಒಂದರ ಜೀವಂತ ಇದ್ದವರ ಕೆಲಸ ತೋರಸು, ಆವಾಗ ಮಾತಾಡೂಣು."

ಅವಳು ತಟ್ಟೆ ಬಿಟ್ಟು ಎದ್ದಳು. ನನಗೆ ಅತ್ತ ಮಗ, ಇತ್ತ ಮೊಮ್ಮಗಳು. ಅವನದೂ ತಪ್ಪಿಲ್ಲ, ಮಗಳನ್ನು ಯಾರೂ ಒಲ್ಲೆ ಅನ್ನಬಾರದೆಂದು ಅವನ ಚಿಂತೆ. ಆದರೆ ಅವಳ ಕೈಯಿಂದ ಆ ಕೆಲಸ ಕಿತ್ತರೆ ಅವಳಲ್ಲಿ ಏನು ಉಳಿಯುತ್ತದೆ ಎಂಬುದು ನನ್ನ ಚಿಂತೆ. ನೆಲಕ್ಕೆ ಬೆನ್ನು ಹತ್ತದ ದಿನಗಳು ಅವು.

ಇಂಥದರಲ್ಲಿ ಐರ್ಲೆಂಡ್ ಎಂಬ ದೇಶದ ಒಬ್ಬ ಹಿರಿಯರು ಸ್ಟುಡಿಯೋಕ್ಕೆ ಬಂದರು. ಬೀಜದ ಕಂಪನಿಯೊಂದರ ಹೊಲ ನೋಡಲು ಬಂದವರಂತೆ. ಜೊತೆಗೆ ಅವರ ಮಾತನ್ನು ಕನ್ನಡದಲ್ಲಿ ಹೇಳುವ ಕಂಪನಿಯ ಒಬ್ಬ ತರುಣ. ಹೊಲದ ಫೋಟೋಗಳ ಪ್ರಿಂಟು ಹಾಕಿಸಿಕೊಳ್ಳಲು ಬಂದವರು ಗೋಡೆಯ ಮೇಲಿನ ಸಾಲು ಫೋಟೋಗಳ ಮುಂದೆ ನಿಂತುಬಿಟ್ಟರು. ನಾನು ಬುತ್ತಿ ಕೊಡಲು ಹೋದವಳು ಅಲ್ಲೇ ಇದ್ದೆ. ಇವರೆಲ್ಲ ಸತ್ತವರು, ಕೆಲವರಿಗೆ ಫೋಟೋನೇ ಇರಲಿಲ್ಲ, ಬಳಗದಿಂದ ಮಾಡಿದ್ದು ಎಂದು ರೇಣುಕಾ ಹೇಳಿದಾಗ ಸಾಹೇಬರು ಸ್ಟೂಲು ಎಳೆದುಕೊಂಡು ಕೂತರು. ಕೂತು ಒಂದು ಕಥೆ ಹೇಳಿದರು.

ಅವರ ದೇಶದಲ್ಲಿ ಬಹಳ ಹಿಂದೆ ಕೆಲ್ಟ್ ಎಂಬ ಜನ ಇದ್ದರಂತೆ. ಅವರ ಕಥೆಗಳಲ್ಲಿ ಒಬ್ಬ ವೀರ. ಯುದ್ಧದಲ್ಲಿ ಈಟಿ ತಾಗಿ, ಇನ್ನು ಉಳಿಯುವುದಿಲ್ಲ ಎಂದು ತಿಳಿದಾಗ, ಬಿದ್ದು ಸಾಯಬಾರದೆಂದು ತನ್ನನ್ನು ತಾನೇ ಒಂದು ನಿಲುಗಲ್ಲಿಗೆ ಕಟ್ಟಿಕೊಂಡನಂತೆ. ವೈರಿಗಳು ದೂರದಲ್ಲೇ ನಿಂತರು. ಜೀವ ಇದೆಯೋ ಹೋಗಿದೆಯೋ ತಿಳಿಯದು, ಹತ್ತಿರ ಹೋಗಲು ಧೈರ್ಯವಿಲ್ಲ. ಕೊನೆಗೆ ಒಂದು ಕಾಗೆ ಬಂದು ಅವನ ಹೆಗಲ ಮೇಲೆ ಕೂತಾಗಲೇ ಗೊತ್ತಾದದ್ದು. ಸಾಹೇಬರ ಊರಿನ ಸಭಾಮನೆಗೆ ಅವನ ಚಿತ್ರ ಬೇಕಿತ್ತು. ಸಾಹೇಬರು, ನಮ್ಮ ಕಡೆಯವರು ಬರೆದದ್ದರಲ್ಲೆಲ್ಲ ಅವನು ಸಿನೆಮಾದವನ ಹಾಗೆ ಇರುತ್ತಾನೆ, ನಿಮ್ಮ ಗೋಡೆಯ ಮೇಲಿನವರ ಹಾಗೆ ಯಾರೋ ಒಬ್ಬರ ಮನೆಯವನ ಹಾಗೆ ಇರಬೇಕು, ಕಂಪ್ಯೂಟರಿನಲ್ಲೇ ಮಾಡಿ ಕಳಿಸುತ್ತೀರಾ ಎಂದು ಕೇಳಿದರು.

ಮಾಸ್ತರರು ಅಷ್ಟೂ ಹೊತ್ತು ಓಡಾಡುತ್ತಲೇ ಕೇಳಿದವರು ಬಾಗಿಲ ಹತ್ತಿರ ನಿಂತು ಕೇಳಿದರು, "ಅಂವನ ಬಳಗದವರು ಯಾರರ ಅದಾರೇನ್ರಿ?"

ಕಂಪನಿಯ ತರುಣ ಬಾಯಿ ಮುಚ್ಚಿಕೊಂಡು ನಕ್ಕ. ಆದರೂ ಸಾಹೇಬರಿಗೆ ಹೇಳಿದ. ಸಾಹೇಬರು ನಗಲಿಲ್ಲ. ಸ್ವಲ್ಪ ಯೋಚಿಸಿ, ಅಷ್ಟು ಹಳೆಯ ಮಾತು, ಈಗ ಹುಡುಕಿದರೆ ಊರವರೆಲ್ಲ ಬಳಗವೇ ಆದಾರು ಅಂದರು.

"ಹಂಗಾರ ನಾವೂ ಯಾಕ ಆಗಬಾರದು?" ಅಂದರು ಮಾಸ್ತರರು.

ಅಂದು ರೇಣುಕಾ ಮನೆಗೆ ಹಾರಿಕೊಂಡೇ ಬಂದಳು. "ಅಪ್ಪಾ, ಬ್ಯಾರೇ ಕೆಲಸ ಬಂತು. ಹೆಣದ್ದಲ್ಲ!" ಕಥೆ ಪೂರ್ತಿ ಕೇಳಿ ನಿಂಗಪ್ಪ ಒಂದೇ ಮಾತು ಕೇಳಿದ, "ಅಂವ ಬದುಕ್ಯಾನೋ, ಸತ್ತಾನೋ?"

"ಅದ ಯಾರಿಗೂ ತಿಳೀಬಾರದ ಅಪ್ಪಾ. ಅದ ಇದರಾಗಿನ ಕೆಲಸ."

"ನನಗ ತಿಳೀಬೇಕಲ್ಲ" ಎಂದು ಅವನು ಎದ್ದು ಹೋದ. ದೀಪಾವಳಿ ಬಹಳ ದೂರವಿರಲಿಲ್ಲ.

ಮುಂದಿನ ದಿನಗಳಲ್ಲಿ ಮಾಸ್ತರರನ್ನು ಹಿಡಿಯುವವರಿಲ್ಲ. ಕೊರಳಲ್ಲಿ ಡಿಜಿಟಲ್ ಕ್ಯಾಮೆರಾ ತೂಗುಹಾಕಿಕೊಂಡು ವೀರನ ಬಳಗ ಹುಡುಕಲು ಹೊರಟರು. ಮೂಗು ರೈಲ್ವೆ ಸ್ಟೇಷನ್ ಮುಂದಿನ ಆಟೋದವನಿಂದ. ಜಡೆಗಟ್ಟಿದ ಉದ್ದ ಕೂದಲು ಭಿಕ್ಷೆಗೆ ಬಂದ ಗೊರವಯ್ಯನಿಂದ. "ನನ್ನ ಕೂದ್ಲ ಯಾವ ದೇವರಿಗೆ ಹೊಂಟೈತ್ರಿ?" ಎಂದು ಆತ ಕೇಳಿದರೆ, "ದೇವರಿಗಲ್ಲೋ ಯಪ್ಪಾ, ಪರದೇಶದ ಪೈಲವಾನಗ" ಅಂದರು. ಮೈಮೇಲಿನ ಹೊದಿಕೆಗೆ ಕಾಗಿನೆಲೆ ಕಡೆಯ ಕುರುಬನೊಬ್ಬನ ಕಂಬಳಿ. ಕಲ್ಲಿಗಾಗಿ ಮಾತ್ರ ರೇಣುಕಾಗೂ ಅವರಿಗೂ ವಾದವಾಯಿತು. ಕೆರೆ ದಂಡೆಯ ವೀರಗಲ್ಲು ತೆಗೆದುಕೊಳ್ಳೋಣ ಅಂದಳು ಅವಳು. "ಅದರಾಗ ಆಗಲೇ ಒಬ್ಬಾಂವ ಅದಾನ. ಅಂವನ ಜಾಗಾ ಯಾಕ ಕಸಗೋಬೇಕು?" ಎಂದು ಅವರು ತಮ್ಮನ ಹೊಲಕ್ಕೆ ಅಗಡಿಗೆ ಹೋಗಿ ಬದುವಿನ ಕಲ್ಲಿನ ಫೋಟೋ ತೆಗೆದುಕೊಂಡು ಬಂದರು.

ಆ ಹೊದಿಕೆ ಕೆಂಪಾಗಿರಬೇಕು ಎಂದು ಸಾಹೇಬರು ಹೇಳಿದ್ದರು. ಕಂಪ್ಯೂಟರಿನ ಯಾವ ಕೆಂಪೂ ಮಾಸ್ತರರ ಮನಸ್ಸಿಗೆ ಬರಲಿಲ್ಲ. ನನಗೆ ಹೇಳಿಕಳಿಸಿದರು, ನಾನು ಬ್ಯಾಡಗಿಯಿಂದ ಒಂದು ಚೀಲ ಒಣಮೆಣಸಿನಕಾಯಿ ಒಯ್ದೆ. ಅದನ್ನು ಸ್ಕ್ಯಾನರಿನ ಗಾಜಿನ ಮೇಲೆ ಹರವಿ ಮುಚ್ಚಳ ಒತ್ತಿಬಿಟ್ಟರು. ಬಣ್ಣವೇನೋ ಬಂತು, ಎಂಥ ಕೆಂಪು! ಆದರೆ ಪಾಸ್‌ಪೋರ್ಟ್ ಫೋಟೋಕ್ಕೆ ಬಂದ ಗುಮಾಸ್ತರೊಬ್ಬರು ಸೀನಿದರು, ಅವರ ಹೆಂಡತಿ ಸೀನಿದಳು, ರೇಣುಕಾ ಸೀನಿದಳು. ಮಾಸ್ತರರು ಸೀನುತ್ತಲೇ ಕೂಗುತ್ತಿದ್ದರು, "ಖರೇ ಕೆಂಪ! ಖರೇ ಕೆಂಪಂದ್ರ ಇದು!" ಆ ಗುಮಾಸ್ತರ ಪಾಸ್‌ಪೋರ್ಟ್ ಫೋಟೋದಲ್ಲಿ ಇಂದಿಗೂ ಮೂಗು ಕೆಂಪಾಗಿರಬೇಕು.

ಇಷ್ಟೆಲ್ಲ ಆದ ಮೇಲೂ ವೀರನಿಗೆ ಕುತ್ತಿಗೆ, ಹೆಗಲು ಇರಲಿಲ್ಲ. ತಲೆಯೊಂದು ಕಲ್ಲಿನ ಮುಂದೆ ತೇಲುತ್ತಿತ್ತು. ಆಗ ಒಂದು ಮಧ್ಯಾಹ್ನ ನಿಂಗಪ್ಪ ಸ್ಟುಡಿಯೋಕ್ಕೆ ಬಂದ. ದೀಪಾವಳಿಯ ತನಕವೂ ತಾಳದೆ, ಮಗಳನ್ನು ಅಂದೇ ಕರೆದೊಯ್ಯಲು ಬಂದಿದ್ದ. ಮರುದಿನ ಇನ್ನೊಂದು ಕಡೆಯವರು ನೋಡಲು ಬರುವವರಿದ್ದರು, ಅವರು ಕೇಳಿದರೆ ಕೆಲಸ ಬಿಟ್ಟಿದ್ದಾಳೆ ಎಂದು ಹೇಳಬೇಕೆಂಬ ವಿಚಾರ ಅವನದು. ನಾನೂ ಹಿಂದೆ ಓಡಿಬಂದಿದ್ದೆ.

"ನಡಿ ರೇಣಿ, ಮನಿಗೆ."

ಅವಳು ಮೌಸು ಬಿಡಲಿಲ್ಲ. ಮಾಸ್ತರರು ನಿಂಗಪ್ಪನ ಸುತ್ತ ತಿರುಗಿದರು. ಹಿಂದೆ ಬಂದು ನಿಂತರು.

"ನಿಂಗಪ್ಪಾ, ಅಂಗಿ ತಗಿ."

"ಏನ್ರಿ?"

"ನಿಮ್ಮಪ್ಪನ ಫೋಟೋದಾಗ ನಿನ್ನ ಕುತ್ತಿಗಿ ನಾ ಸಣ್ಣಗ ಮಾಡಿದ್ನೆಪಾ. ವಯಸ್ಸಾದವರಿಗೆ ಅಷ್ಟ ದಪ್ಪ ಚಂದ ಕಾಣಂಗಿಲ್ಲಂತ. ಅವತ್ತಿಂದ ಅದು ನನ್ನ ಮನಸಿನ್ಯಾಗ ಕೊರಿಯಾಕತ್ತೈತಿ. ತಗಿ ಅಂಗಿ."

ಏನಾಯಿತೋ ನನ್ನ ಮಗನಿಗೆ, ತೆಗೆದ. ವರ್ಷಗಟ್ಟಲೆ ಮೆಣಸಿನಕಾಯಿ ಚೀಲ ಹೊತ್ತು ಹೊತ್ತು ಅವನ ಕುತ್ತಿಗೆಯ ಹಿಂದೆ ದಿಂಬಿನ ಹಾಗೆ ಮಾಂಸ ಬೆಳೆದಿದೆ. ಮನೆಯಲ್ಲಿ ಎಣ್ಣೆ ತಿಕ್ಕುವಾಗ ನಾನು ನೋಡಿದ್ದೆ, ಆದರೆ ಆ ಬೆಳಕಿನಲ್ಲಿ ನೋಡಿರಲಿಲ್ಲ. ಮಾಸ್ತರರು ಅವನನ್ನು ಕಂಬಕ್ಕೆ ಆನಿಸಿ ನಡುವಿಗೆ ಪಂಜೆ ಸುತ್ತಿ ಕಟ್ಟಿದರು.

"ನೋಡಪಾ, ಇನ್ನ ಆಗಂಗಿಲ್ಲ, ಬೀಳಾಕ ಬಂದೈತಿ, ಆದರ ಬೀಳಬಾರದು. ಹಂಗ ನಿಂದ್ರು. ಬರತೈತಿ?"

"ಪ್ಯಾಟಿ ಹೆಚ್ಚಾದಾಗ ದಿನಾ ಹಂಗ ನಿಂದ್ರತೇನ್ರಿ" ಅಂದ ನಿಂಗಪ್ಪ.

ರೇಣುಕಾ ಎದ್ದು ಬಂದು ತಂದೆಯ ಹೆಗಲನ್ನು ಬೆಳಕಿಗೆ ಸ್ವಲ್ಪ ತಿರುಗಿಸಿದಳು. ಒಂದೇ ಬೆರಳಿನಿಂದ, ಮಾಸ್ತರರ ಹಾಗೆಯೇ. ಫೋಟೋ ಹೊಡೆದವಳೂ ಅವಳೇ.

ಅಂಗಿ ಹಾಕಿಕೊಂಡ ಮೇಲೆ ನಿಂಗಪ್ಪನಿಗೆ ಎಚ್ಚರವಾಯಿತು. "ಆ ಕಾಗಿ ಎಲ್ಲಿ ಕುಂದ್ರತೈತ್ರಿ?"

"ಹೆಗಲ ಮ್ಯಾಲ."

"ಯಾರ ಹೆಗಲ? ನಂದ? ಬಿಲ್ಕುಲ್ ಆಗಂಗಿಲ್ರಿ. ಕಾಗಿ ಮುಟ್ಟಿದ್ರ ಕೇಡು. ನಾಳೆ ಮಗಳ್ನ ನೋಡಾಕ ಬರಾವ್ರು ಅದಾರ, ನನ್ನ ಹೆಗಲ ಮ್ಯಾಲ ಕಾಗಿ ಕುಂದ್ರಸತೀರೇನು?"

ನಾನೂ ಮಗನ ಕಡೆಯೇ ನಿಂತೆ. ಅದು ಪರದೇಶದ ಕಥೆ ಇದ್ದೀತು, ಹೆಗಲು ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು. ಮಾಸ್ತರರು ತಲೆ ಕೆರೆದುಕೊಂಡು ಮೂಲೆಯಿಂದ ಮೂಲೆಗೆ ನಡೆದು ಕೊನೆಗೆ ಒಪ್ಪಿದರು. ಕಾಗೆಯನ್ನು ಕಲ್ಲಿನ ತುದಿಯಲ್ಲಿ ಕೂರಿಸಿ, ರೆಕ್ಕೆ ಅರ್ಧ ಬಿಚ್ಚಿಸಿದರು. ಇನ್ನೇನು ಇಳಿಯುತ್ತದೆ, ಆದರೆ ಇಳಿದಿಲ್ಲ. ಸಾಹೇಬರಿಗೆ ಏನು ಹೇಳುವುದು ಎಂದರೆ, "ಕಾಗಿಗೆ ಹೆಗಲಿನಾಂವ ಪರವಾನಗಿ ಕೊಡಲಿಲ್ಲಂತ ಹೇಳೂಣು" ಅಂದರು. ನಿಂಗಪ್ಪ ಅಂದು ಒಬ್ಬನೇ ಮನೆಗೆ ಹೋದ. ಮರುದಿನ ಬರಬೇಕಾದವರಿಗೆ ಅವನೇ ಫೋನು ಮಾಡಿ ಹಬ್ಬ ಆಗಲಿ ಎಂದು ಹೇಳಿದನಂತೆ. ನನಗೆ ಸೊಸೆಯಿಂದ ಗೊತ್ತಾದದ್ದು.

ಉಳಿದದ್ದು ಕಣ್ಣು. ಅದೇ ಆಗದೆ ಹೋಯಿತು. ಎಷ್ಟೋ ಜನರ ಕಣ್ಣು ತಂದು ಕೂರಿಸಿದರು. ತೆರೆದ ಕಣ್ಣಿಟ್ಟರೆ ಪೂರ್ತಿ ಬದುಕಿದ್ದಾನೆ, ಅರ್ಧ ಮುಚ್ಚಿದರೆ ನಿದ್ದೆಗಣ್ಣು, ಮುಚ್ಚಿದರೆ ನಮ್ಮ ಗೋಡೆಗೆ ಬರುವ ಹೆಣ. "ಜೀವಮಾನ ಪೂರ್ತಿ ಸತ್ತವರ ಕಣ್ಣು ತೆರಿಸಿದ್ನೆ. ಇಂವನ ಕಣ್ಣು ತೆರೀಲೋ ಮುಚ್ಚಲೋ ತಿಳೀವಲ್ದು" ಎಂದು ಅವರು ರಸ್ತೆಗೆ ಹೋಗುವುದು, ಬರುವುದು. ಹಬ್ಬ ಹತ್ತಿರ ಬಂತು. ಸಾಹೇಬರೂ ಫೋನು ಮಾಡಿಸಿ ಕೇಳಿದರು. ರೇಣುಕಾ ಉಗುರು ಕಚ್ಚುತ್ತಾ ಕೂರುತ್ತಿದ್ದಳು. ಚಿತ್ರ ಮುಗಿಯದಿದ್ದರೆ ಅವಳ ಕೆಲಸವೂ ಮುಗಿದ ಹಾಗೆ.

ಒಂದು ದಿನ ಅವಳು ಕೌಂಟರಿನಲ್ಲಿ ಗಿರಾಕಿಯೊಬ್ಬರ ಜೊತೆ ಮಾತಾಡುತ್ತಿದ್ದಳು. ಒಳಗೆ ಮಾಸ್ತರರು ದೀಪ ಸರಿಸಿ ಸರಿಸಿ ಬೇಸತ್ತು, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು ಅದರ ಎದುರಿಗೆ ತಾವೇ ಸ್ಟೂಲಿನ ಮೇಲೆ ಕೂತರು.

"ಯಕ್ಕಾರ, ಆ ಗುಂಡಿ ಒತ್ತರಿ. ಬೆಳಕು ಹೆಂಗ ಬೀಳತೈತಿ ನೋಡೂಣು. ಕಣ್ಣಷ್ಟ ಬಂದ್ರ ಸಾಕು."

"ನನಗ ಬರಂಗಿಲ್ರಿ ಮಾಸ್ತರ್ರ."

"ಒಲಿ ಊದಾಕ ಬರತೈತಿಲ್ಲೋ? ಅದಕ್ಕಿಂತ ಹಗರ."

ನಾನು ಒತ್ತಿದೆ. ಅವರು ಅಲ್ಲಾಡದೆ ಇದ್ದದ್ದನ್ನು ನಾನು ಕಂಡದ್ದು ಆ ಒಂದು ಗಳಿಗೆ. ಉಸಿರನ್ನೂ ಹಿಡಿದಿದ್ದರು. ಆಮೇಲೆ ಕಾಲು ಸುಟ್ಟವರ ಹಾಗೆ ಎದ್ದು ಚಹಾಕ್ಕೆ ಹೊರಟುಹೋದರು.

ರೇಣುಕಾ ಬಂದು ಕಂಪ್ಯೂಟರಿನಲ್ಲಿ ಅದನ್ನು ತೆರೆದಳು. ಮುಖವಿಲ್ಲ, ಕಣ್ಣಷ್ಟೇ ಬಂದಿತ್ತು. ಕೂಡಲೇ ಮೌಸು ಹಿಡಿದಳು. ಮಾಸ್ತರರು ವಾಪಸ್ಸು ಬರುವ ಹೊತ್ತಿಗೆ ವೀರನ ಮುಖದಲ್ಲಿ ಕಣ್ಣು ಕೂತಿದ್ದವು. ಒಂದು ಕಪ್ಪು, ಒಂದು ಹಾಲು.

ಮಾಸ್ತರರು ಬಾಗಿಲಲ್ಲೇ ನಿಂತರು. "ಬ್ಯಾಡ ಯವ್ವಾ. ನನ್ನವು ಪರಿ ಬಂದ ಕಣ್ಣು."

"ಪರೀನ ಬೇಕ್ರಿ ಮಾಸ್ತರ್ರ. ಈ ಕಣ್ಣು ಇಲ್ಲೇ ಐತಿ. ಈ ಕಣ್ಣು ಹೋಗೈತಿ. ನೋಡ್ರಿ, ಯಾರರ ಹತ್ರ ಹೊಕ್ಕಾರೇನು?"

"ತಗಿ ಅಂತ ಹೇಳೀನಿ."

"ತಗಿಯಂಗಿಲ್ಲ."

ಅವರ ಮಾತಿಗೆ ಅವಳು ಇಲ್ಲ ಅಂದದ್ದು ಅದೇ ಮೊದಲು. ನನಗೆ ಹೆದರಿಕೆಯೂ ಆಯಿತು, ಸುಳ್ಳೇಕೆ, ಹಿಗ್ಗೂ ಆಯಿತು. ಮಾಸ್ತರರು ಹತ್ತಿರ ಬಂದರು, ದೂರ ಹೋದರು, ಒಳ್ಳೆಯ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನೋಡಿದರು. ಆಮೇಲೆ ಮೆಲ್ಲಗೆ, "ನನಗ ಇಷ್ಟ ದಿವಸ ಹೊಳೀಲಿಲ್ಲ ನೋಡು" ಅಂದರು.

ಚಿತ್ರ ಹೋಯಿತು. ಸಾಹೇಬರ ಉತ್ತರವನ್ನು ಕಂಪನಿಯ ತರುಣ ತಾನೇ ಬಂದು ಓದಿ ಹೇಳಿದ. ಕಾಗೆ ಇನ್ನೂ ಇಳಿದಿಲ್ಲ, ಅದಕ್ಕೇ ನಮ್ಮ ಊರಲ್ಲಿ ಇವನು ಇನ್ನೂ ಸತ್ತಿಲ್ಲ ಎಂದು ಬರೆದಿದ್ದರು. ಆ ಸಭಾಮನೆಯಲ್ಲಿ ಒಬ್ಬ ಮುದುಕಿ ಬಂದು, ಇವನು ನಮ್ಮ ಅಣ್ಣನ ಹಾಗೆ ಇದ್ದಾನೆ ಅಂದಳಂತೆ. ನಾನು ಆ ಮಾತನ್ನು ಎರಡೆರಡು ಸಲ ಓದಿಸಿದೆ.

ನಿಂಗಪ್ಪ ಸರಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಚಿತ್ರದ ಒಂದು ಪ್ರಿಂಟನ್ನು ಪೇಟೆಗೆ ಒಯ್ದ. ಅಲ್ಲಿ ಹಮಾಲರೆಲ್ಲ ಮುತ್ತಿಕೊಂಡು, "ಲೇ ನಿಂಗ್ಯಾ, ಇದು ನಿನ್ನ ಕುತ್ತಿಗಿ ಅಲ್ಲೇನೋ! ಮಾರಿ ಯಾವಾಗ ಚಂದ ಆತಲೇ?" ಎಂದು ಕುಣಿದಾಡಿದರಂತೆ. ದೀಪಾವಳಿ ಮುಗಿದ ಮರುದಿನ ರೇಣುಕಾ ಏಳದೆ ಗೋಡೆ ಕಡೆ ತಿರುಗಿ ಮಲಗಿದ್ದಳು. ಅವನು ಬಾಗಿಲಲ್ಲಿ ನಿಂತು ಗದರಿಸಿದ, "ಬಸ್ಸ ತಪ್ಪತೈತಿ. ಏಳತೀಯೋ ಇಲ್ಲೋ?" ಅಂದಿನಿಂದ ಈವರೆಗೆ ಆ ವಿಷಯ ನಮ್ಮ ಮನೆಯಲ್ಲಿ ಎದ್ದಿಲ್ಲ. ಹೋದ ವರ್ಷ ಅವಳ ಮದುವೆಯೂ ಆಯಿತು. ರಾಣೆಬೆನ್ನೂರಿನ ಹುಡುಗನೇ. ತನ್ನ ಅಜ್ಜನ ಫೋಟೋ ಮಾಡಿಸಲು ಬಳಗ ಕರೆತಂದವನು, ಕೆಲಸ ಮುಗಿದ ಮೇಲೂ ಬರುತ್ತಲೇ ಇದ್ದ.

ಈ ಬೇಸಿಗೆಯಲ್ಲಿ ಮಾಸ್ತರರು ಹೋದರು. ಮಲಗಿದಲ್ಲೇ ಹೋದರಂತೆ. ಹೋದದ್ದನ್ನು ನಂಬಿದೆ, ಮಲಗಿದ್ದನ್ನು ನಂಬಲು ಆಗಲಿಲ್ಲ.

ಊರಿಗೆಲ್ಲ ಮುಖ ಮಾಡಿಕೊಟ್ಟವರ ಮನೆಯಲ್ಲಿ ಅವರ ಫೋಟೋ ಹುಡುಕಿದರೆ ಮುಖ ನೆಟ್ಟಗೆ ಕಾಣುವಂಥದು ಒಂದೂ ಸಿಗಲಿಲ್ಲ. ವೋಟಿನ ಚೀಟಿಯಲ್ಲಿ ಅಲ್ಲಾಡಿಬಿಟ್ಟಿದ್ದಾರೆ, ಹೊಗೆಯ ಹಾಗೆ ಬಂದಿದೆ. ಮದುವೆಯ ಫೋಟೋದಲ್ಲಿ ಫೋಟೋದವನಿಗೆ ಬೆಳಕು ಹೇಗಿರಬೇಕು ಎಂದು ಕೈ ಎತ್ತಿ ತೋರಿಸುತ್ತಿದ್ದಾರೆ, ಆ ಕೈ ಮುಖಕ್ಕೆ ಅಡ್ಡ ಬಂದಿದೆ. ಅವರ ಹೆಂಡತಿ ಅದನ್ನು ಹಿಡಿದುಕೊಂಡು ರೇಣುಕಾಳ ಮುಂದೆ ಕೂತರು. ಅವಳು ಕಣ್ಣೊರೆಸಿಕೊಂಡು ಹೇಳಿದಳು, "ಬಳಗದವರನ್ನ ಕರಸರಿ ಅಮ್ಮಾರ."

ಅಗಡಿಯ ತಮ್ಮನಿಂದ ಹಣೆ, ಮೂಗು ಬಂತು. ಮಗಳಿಂದ ತುಟಿ. ಕಿವಿಗಾಗಿ ಎಲ್ಲರ ತಲೆ ತಿರುಗಿಸಿ ನೋಡಿ ಸಾಕಾಗಿ, ಕೊನೆಗೆ ಅವರ ಮೊಮ್ಮಗನಲ್ಲಿ ಸಿಕ್ಕಿತು. ಕಣ್ಣಿಗೆ ಮಾತ್ರ ಯಾರನ್ನೂ ಹುಡುಕಲಿಲ್ಲ. ವೀರನ ಚಿತ್ರ ತೆರೆದು, ಅಂದು ಕೊಟ್ಟ ಸಾಲ ಮರಳಿ ಇಸಿದುಕೊಂಡಂತೆ ಆ ಕಣ್ಣುಗಳನ್ನು ತಂದಿಟ್ಟಳು. ನಾನು ಒತ್ತಿದ ಫೋಟೋದ ಕಣ್ಣು. ಇಟ್ಟು, ಹಾಲುಗಣ್ಣಿನ ಮೇಲೆ ಕೈ ತಡೆದು ಕೇಳಿದಳು, "ಅಮ್ಮಾರ, ಪರಿ ತಗದು ಎರಡೂ ಸರಿ ಮಾಡಲೇನ್ರಿ?"

ಆ ತಾಯಿ ಬಹಳ ಹೊತ್ತು ನೋಡಿದರು. "ಇರಲಿ ಬಿಡವ್ವಾ. ಛಲೋ ಕಣ್ಣು ಯಾವಾಗಲೂ ಊರ ಮಂದಿ ಮಾರಿ ಮ್ಯಾಲ. ನನ್ನ ಪಾಲಿಗೆ ಇದ್ದದ್ದ ಇದೊಂದು."

ಸ್ಟುಡಿಯೋವನ್ನು ಅವರೇ ರೇಣುಕಾಳ ಕೈಗೆ ಕೊಟ್ಟರು. ಅವಳು ಮಾಸ್ತರರ ಫೋಟೋವನ್ನು ವೀರನ ಪಕ್ಕದಲ್ಲೇ ತೂಗುಹಾಕಿದ್ದಾಳೆ. ಮೊನ್ನೆ ಪೂಜೆಗೆ ನಿಂಗಪ್ಪನೂ ಬಂದಿದ್ದ. ಹಿರೇಕೆರೂರು ಕಡೆಯ ಒಬ್ಬ ಗಿರಾಕಿ ಎರಡೂ ಚಿತ್ರಗಳನ್ನು ನೋಡಿ, ಚಪ್ಪಲಿ ಬಿಟ್ಟು ಕೈಮುಗಿದ.

"ಯಾರ್ರಿ ಇವರು? ಇಬ್ಬರದೂ ಒಂದ ಕಣ್ಣು ಅದಾವು. ಒಂದ ಮನಿತನದವರೇನು?"

ರೇಣುಕಾ ಬಾಯಿ ತೆರೆಯುವ ಮೊದಲೇ ನನ್ನ ಮಗ ಕುತ್ತಿಗೆ ಸವರಿಕೊಳ್ಳುತ್ತಾ ಮುಂದೆ ಬಂದ.

"ಹೌದ್ರಿ" ಅಂದ. "ನಾವೂ ಅವರ ಪೈಕೀನ."